ನಾಲ್ಕು ಅಕ್ಷರದ ಊರು

ಈ ವರ್ಷದ ಇತಿಹಾಸ ವಿಭಾಗದ ಸೆಮಿನಾರಿಗೆ ನಮ್ಮ ಸರ್ ಕಪ್ಪು ಹಲಗೆಯ ಮೇಲೆ ಹತ್ತು ಹಳ್ಳಿಗಳ ಹೆಸರು ಬರೆದರು. ಒಂದೂ ನಮ್ಮ ದೇಶದ್ದಲ್ಲ. ಒಬ್ಬೊಬ್ಬರು ಒಂದೊಂದು ಊರನ್ನು ಆರಿಸಿಕೊಂಡು ಅದರ ಚರಿತ್ರೆ, ಅಲ್ಲಿ ನೋಡತಕ್ಕ ಸ್ಥಳಗಳ ಬಗ್ಗೆ ಹತ್ತು ನಿಮಿಷ ಮಾತಾಡಬೇಕು, ಒಂದು ಚಾರ್ಟ್ ಮಾಡಬೇಕು. ನಾನು ಎಲ್ಲಕ್ಕಿಂತ ಚಿಕ್ಕ ಹೆಸರು ಆರಿಸಿದೆ. ಇ, ವೈ, ಎ, ಎಂ. ಚಾರ್ಟಿನ ಮೇಲೆ ದೊಡ್ಡದಾಗಿ ಬರೆಯಲು ಸುಲಭ, ಸ್ಪೆಲಿಂಗ್ ತಪ್ಪುವ ಭಯವಿಲ್ಲ ಎಂಬುದಷ್ಟೇ ಕಾರಣ. "ಎಯಾಮ್" ಎಂದು ಜೋರಾಗಿ ಓದಿದೆ. ಸರ್ ನಕ್ಕು, "ಅದನ್ನ ಈಮ್ ಅನ್ನಬೇಕಪ್ಪಾ" ಅಂದರು. ಇಡೀ ಕ್ಲಾಸು ನಕ್ಕಿತು. ಅಲ್ಲಿಂದ ಒಂದು ವಾರ ನನ್ನ ಹೆಸರೇ ಎಯಾಮ್ ಆಗಿತ್ತು.

ಸೆಮಿನಾರ್ ಮುಗಿಯಿತು, ಎಲ್ಲರೂ ಚಪ್ಪಾಳೆ ತಟ್ಟಿದರು. ಆದರೆ ಆ ಹತ್ತು ನಿಮಿಷದಲ್ಲಿ ನಾನು ಒಂದು ಮಾತು ಹೇಳದೆ ಬಿಟ್ಟಿದ್ದೆ. ಅದನ್ನೂ ಸೇರಿಸಿ ಇಲ್ಲಿ ಬರೆಯುತ್ತಿದ್ದೇನೆ.

ಈಮ್ ಇರುವುದು ಇಂಗ್ಲೆಂಡಿನ ಡರ್ಬಿಶೈರ್ ಎಂಬ ಜಿಲ್ಲೆಯಲ್ಲಿ, ಪೀಕ್ ಡಿಸ್ಟ್ರಿಕ್ಟ್ ಎಂಬ ಗುಡ್ಡಗಾಡಿನಲ್ಲಿ. 1951ರಲ್ಲಿ ಬ್ರಿಟನ್ನಿನ ಮೊದಲ ರಾಷ್ಟ್ರೀಯ ಉದ್ಯಾನ ಎಂದು ಘೋಷಿಸಿದ್ದು ಇದೇ ಪ್ರದೇಶವನ್ನು. ಈಗ ಆ ಊರಿನಲ್ಲಿ ಹೆಚ್ಚುಕಡಿಮೆ ಸಾವಿರ ಜನ ಇದ್ದಾರೆ. ನಮ್ಮ ಕಡೆ ಅದಕ್ಕಿಂತ ದೊಡ್ಡ ತಾಂಡಾಗಳಿವೆ. ಉದ್ದಕ್ಕೆ ಒಂದು ಬೀದಿ, ಎರಡೂ ಬದಿ ಬೂದು ಬಣ್ಣದ ಕಲ್ಲಿನ ಮನೆಗಳು, ಮನೆ ಮುಂದೆ ಹೂವಿನ ಗಿಡ, ನಡುವೆ ಒಂದು ಹಳೆಯ ಚರ್ಚ್. ಹಿಂದಿನ ಕಾಲದಲ್ಲಿ ಆ ಗುಡ್ಡಗಳಲ್ಲಿ ಸೀಸದ ಅದಿರು ತೆಗೆಯುತ್ತಿದ್ದರು, ಕುರಿ ಸಾಕುತ್ತಿದ್ದರು. ಅಷ್ಟೇ ಆಗಿದ್ದರೆ ಅದು ನಮ್ಮ ಹಲಗೆಯ ಮೇಲೆ ಬರುತ್ತಿರಲಿಲ್ಲ.

1665ರಲ್ಲಿ ಲಂಡನ್ನಿನಲ್ಲಿ ಪ್ಲೇಗ್ ಹರಡಿತ್ತು. ಆ ವರ್ಷ ಬೇಸಿಗೆ ಮುಗಿಯುವ ಹೊತ್ತಿಗೆ ಈಮ್‌ನ ದರ್ಜಿ ಅಲೆಕ್ಸಾಂಡರ್ ಹ್ಯಾಡ್‌ಫೀಲ್ಡ್ ಎಂಬವನ ಮನೆಗೆ ಲಂಡನ್ನಿನಿಂದ ಒಂದು ಬಟ್ಟೆಯ ಪೆಟ್ಟಿಗೆ ಬಂತು. ಬಟ್ಟೆ ಒದ್ದೆಯಾಗಿತ್ತು. ಕೆಲಸದಾಳು ಜಾರ್ಜ್ ವಿಕರ್ಸ್ ಅದನ್ನು ಬಿಚ್ಚಿ ಬೆಂಕಿಯ ಮುಂದೆ ಒಣಗಲು ಹಾಕಿದ. ಕೆಲವೇ ದಿನಗಳಲ್ಲಿ ಜ್ವರ ಬಂದು ಸತ್ತ. ಅವನನ್ನು ಹೂತದ್ದು ಸೆಪ್ಟೆಂಬರ್ 7ರಂದು. ಬಟ್ಟೆಯ ಮಡಿಕೆಗಳಲ್ಲಿ ಚಿಗಟಗಳಿದ್ದವು, ಬೆಂಕಿಯ ಕಾವಿಗೆ ಅವು ಎದ್ದವು ಎಂದು ಈಗ ಹೇಳುತ್ತಾರೆ. ಆಗ ಯಾರಿಗೂ ಇದು ತಿಳಿಯುವಂತಿರಲಿಲ್ಲ. ಪ್ಲೇಗಿನ ಕ್ರಿಮಿಯನ್ನು ಯೆರ್ಸಿನ್ ಎಂಬ ವಿಜ್ಞಾನಿ ಹಾಂಗ್‌ಕಾಂಗಿನಲ್ಲಿ ಕಂಡುಹಿಡಿದದ್ದು 1894ರಲ್ಲಿ. ಅದು ಇಲಿಯಿಂದ ಚಿಗಟದ ಮೂಲಕ ದಾಟುತ್ತದೆ ಎಂದು ಸಿಮಾಂಡ್ ಎಂಬ ಫ್ರೆಂಚ್ ವೈದ್ಯ ತೋರಿಸಿದ್ದು 1898ರಲ್ಲಿ, ಆಗ ಹಿಂದೂಸ್ತಾನದಲ್ಲೇ ಇದ್ದ ಕರಾಚಿಯಲ್ಲಿ. ಈಮ್‌ನ ಜನ ಸತ್ತು ಇನ್ನೂರು ವರ್ಷ ದಾಟಿದ ಮೇಲೆ.

ಚಳಿಗಾಲದಲ್ಲಿ ಸಾವು ಕಡಿಮೆಯಾಯಿತು. 1666ರ ಜೂನ್ ಬಂದಾಗ ಮತ್ತೆ ಏರಿತು. ಕೈಯಲ್ಲಿ ಹಣ ಇದ್ದ ಕೆಲವರು ಅಷ್ಟರಲ್ಲಿ ಊರು ಬಿಟ್ಟಿದ್ದರು. ಉಳಿದವರೂ ಹೊರಡುವ ಯೋಚನೆಯಲ್ಲಿದ್ದರು. ಹೊರಟಿದ್ದರೆ ಸುತ್ತಲಿನ ಊರುಗಳಿಗೆಲ್ಲ ರೋಗ ಹೋಗುತ್ತಿತ್ತು.

ಆಗ ಆ ಊರಿನಲ್ಲಿ ಇಬ್ಬರು ಪಾದ್ರಿಗಳಿದ್ದರು. ಇದು ನನಗೆ ಬಹಳ ಹಿಡಿಸಿದ ಭಾಗ. ಒಬ್ಬ ವಿಲಿಯಂ ಮಾಂಪೆಸನ್, ಇನ್ನೂ ಮೂವತ್ತು ತುಂಬದವ, ಊರಿಗೆ ಹೊಸಬ. ಇನ್ನೊಬ್ಬ ಥಾಮಸ್ ಸ್ಟ್ಯಾನ್ಲಿ, ಮೊದಲು ಅಲ್ಲೇ ಪಾದ್ರಿಯಾಗಿದ್ದವ. 1662ರಲ್ಲಿ ಸರ್ಕಾರ ಹೊಸ ಪ್ರಾರ್ಥನಾ ಪುಸ್ತಕವನ್ನು ಕಡ್ಡಾಯ ಮಾಡಿದಾಗ ಅದನ್ನು ಒಪ್ಪದ ಪಾದ್ರಿಗಳೆಲ್ಲ ಕೆಲಸ ಕಳೆದುಕೊಂಡರು. ಸ್ಟ್ಯಾನ್ಲಿಯದ್ದೂ ಹೋಗಿತ್ತು. ಇಬ್ಬರ ನಡುವೆ ಪ್ರೀತಿ ಇರಲು ಯಾವ ಕಾರಣವೂ ಇರಲಿಲ್ಲ. ಆದರೆ ಜನ ಹೊಸಬನ ಮಾತು ಕೇಳುತ್ತಿರಲಿಲ್ಲ, ಹಳಬನ ಮಾತು ಕೇಳುತ್ತಿದ್ದರು. ಹಾಗಾಗಿ ಇಬ್ಬರೂ ಜೊತೆಯಾಗಿ ನಿಂತು ಊರಿಗೆ ಮೂರು ವಿಷಯ ಒಪ್ಪಿಸಿದರು. ಸತ್ತವರನ್ನು ಆಯಾ ಮನೆಯವರೇ ತಮ್ಮ ಹಿತ್ತಲಲ್ಲೋ ಹೊಲದಲ್ಲೋ ಹೂಳಬೇಕು. ಚರ್ಚಿನ ಬಾಗಿಲು ಮುಚ್ಚಿ, ಪ್ರಾರ್ಥನೆಯನ್ನು ಕಕ್ಲೆಟ್ ಡೆಲ್ಫ್ ಎಂಬ ತಗ್ಗಿನ ಬಯಲಿನಲ್ಲಿ, ಒಬ್ಬರಿಂದೊಬ್ಬರು ದೂರ ನಿಂತು ಮಾಡಬೇಕು. ಊರಿನ ಗಡಿಯನ್ನು ಯಾರೂ ದಾಟಬಾರದು.

ಊಟಕ್ಕೇನು ಮಾಡುವುದು? ಹತ್ತಿರದ ಚಾಟ್ಸ್‌ವರ್ತ್ ಅರಮನೆಯ ಡೆವನ್‌ಶೈರ್ ಅರ್ಲ್ ಧಾನ್ಯ, ಔಷಧಿ ಕಳಿಸಲು ಒಪ್ಪಿದ. ಸುತ್ತಲಿನ ಹಳ್ಳಿಯವರೂ ರೊಟ್ಟಿ, ಮಾಂಸ ತಂದು ಗಡಿಯಲ್ಲಿ ಇಟ್ಟು ಹೋಗುತ್ತಿದ್ದರು. ಸ್ಟೋನಿ ಮಿಡಲ್ಟನ್ ಎಂಬ ಪಕ್ಕದ ಊರಿನ ದಾರಿಯಲ್ಲಿ ಒಂದು ಗಡಿಕಲ್ಲು ಈಗಲೂ ಇದೆ. ಅದರ ಮೇಲೆ ಆರು ಗುಳಿಗಳು. ಆ ಗುಳಿಗಳಲ್ಲಿ ವಿನೆಗರ್ ತುಂಬಿ ಅದರೊಳಗೆ ನಾಣ್ಯ ಹಾಕುತ್ತಿದ್ದರು, ರೋಗ ಹತ್ತಬಾರದೆಂದು. ಗುಡ್ಡದ ಮೇಲೆ ಮಾಂಪೆಸನ್ ಬಾವಿ ಎಂಬ ಒಂದು ಒರತೆ ಇದೆ. ಅಲ್ಲಿ ಹರಿಯುವ ನೀರಿನಲ್ಲಿ ದುಡ್ಡು ಇಡುತ್ತಿದ್ದರಂತೆ.

ಇದನ್ನು ಓದುವಾಗ ನನಗೆ ಅಮ್ಮಿ ನೆನಪಾದರು. 2020ರಲ್ಲಿ ಅಮ್ಮಿ ಅಂಗಡಿಯಿಂದ ಬಂದ ಚಿಲ್ಲರೆಯನ್ನು ಸರ್ಫ್ ನೀರಿನಲ್ಲಿ ಹಾಕುತ್ತಿದ್ದರು, ನೋಟುಗಳನ್ನು ಇಸ್ತ್ರಿ ಮಾಡುತ್ತಿದ್ದರು. ಒಂದು ನೂರರ ನೋಟು ಸುಟ್ಟು ಹೋಗಿ ಆ ದಿನವೆಲ್ಲ ಮನೆಯಲ್ಲಿ ಯಾರೂ ಮಾತಾಡಲಿಲ್ಲ.

ಆಗ ನಾನು ಏಳನೇ ತರಗತಿ. ಲಾಕ್‌ಡೌನ್ ಶುರುವಾದ ವಾರದಲ್ಲೇ ನಮ್ಮೂರಿನ ಹುಡುಗರು ರಸ್ತೆಗೆ ಅಡ್ಡಲಾಗಿ ಜಾಲಿ ಮುಳ್ಳು ಹಾಕಿ, ಹೊರಗಿನವರಿಗೆ ಪ್ರವೇಶವಿಲ್ಲ ಎಂದು ರಟ್ಟಿನ ಮೇಲೆ ಬರೆದು ನೇತು ಹಾಕಿದರು. ನಾನೂ ಆ ಗುಂಪಿನಲ್ಲಿದ್ದೆ. ಅಕ್ಷರ ಚೆನ್ನಾಗಿದೆ ಎಂದು ಬೋರ್ಡ್ ಬರೆಯಲು ನನ್ನನ್ನೇ ಕರೆದಿದ್ದರು, ನನಗೆ ಹೆಮ್ಮೆಯೋ ಹೆಮ್ಮೆ. ಅಬ್ಬಾ ಆಗ ಮುಂಬೈಯಲ್ಲಿ ಬೇಕರಿ ಕೆಲಸದಲ್ಲಿದ್ದರು. ಮೇ ತಿಂಗಳಲ್ಲಿ, ರಂಜಾನ್ ನಡುವೆ, ಸ್ವಲ್ಪ ದಾರಿ ಲಾರಿಯಲ್ಲಿ ಸ್ವಲ್ಪ ದಾರಿ ನಡೆದು ಊರಿಗೆ ಬಂದರು. ನಾನು ಬರೆದ ಬೋರ್ಡಿನ ಮುಂದೆಯೇ ಅವರನ್ನು ನಿಲ್ಲಿಸಿದರು. ಊರಾಚೆ ಇರುವ ಸರ್ಕಾರಿ ಶಾಲೆಯಲ್ಲಿ ಹದಿನಾಲ್ಕು ದಿನ ಇರಬೇಕು ಎಂದಾಯಿತು. ಅದು ಸರಿಯೇ ಇತ್ತು, ಎಲ್ಲ ಊರಲ್ಲೂ ಹಾಗೆ ಮಾಡುತ್ತಿದ್ದರು. ಅಬ್ಬಾ ಕೂಡ ಬೇಸರ ಮಾಡಿಕೊಳ್ಳಲಿಲ್ಲ. ನಾನು ಹೇಳಬೇಕಾದದ್ದು ಅದಲ್ಲ. ಮೊದಲು ಈಮ್‌ನಲ್ಲಿ ಈಗ ಏನೇನು ನೋಡಬಹುದು ಎಂಬುದನ್ನು ಹೇಳಿ ಮುಗಿಸುತ್ತೇನೆ, ಸರ್ ಕೊಟ್ಟ ವಿಷಯದಲ್ಲಿ ಅದೂ ಇತ್ತಲ್ಲ.

ನಾನು ಈಮ್‌ಗೆ ಹೋಗಿಲ್ಲ. ನಮ್ಮ ಚಾಚಾನ ಮಗಳು, ಆಪಾ, ಶೆಫೀಲ್ಡ್‌ನಲ್ಲಿ ಓದುತ್ತಿದ್ದಾಳೆ. ಅಲ್ಲಿಂದ ಬಸ್ಸಿದೆ. ಒಂದು ಭಾನುವಾರ ನನಗೋಸ್ಕರ ಹೋಗಿ ವಿಡಿಯೋ ಕಾಲ್ ಮಾಡಿದಳು. ಇಲ್ಲಿ ಸಂಜೆಯಾಗಿತ್ತು, ಅಲ್ಲಿ ಮಧ್ಯಾಹ್ನ. "ನೋಡೋ, ಚಳಿಯಲ್ಲಿ ಕೈ ಮರಗಟ್ಟಿದೆ, ಬೇಗ ಬೇಗ ನೋಡು" ಎನ್ನುತ್ತಾ ನಡೆದಳು.

ಮೊದಲು ತೋರಿಸಿದ್ದು ಪ್ಲೇಗ್ ಮನೆಗಳು. ದರ್ಜಿಯ ಮನೆ ಚರ್ಚಿನ ಹತ್ತಿರವೇ ಇದೆ. ಅಲ್ಲಿ ಈಗಲೂ ಜನ ವಾಸ ಮಾಡುತ್ತಾರೆ. ಮನೆಗಳ ಮುಂದೆ ಹಸಿರು ಹಲಗೆಗಳಿವೆ, ಒಂದೊಂದರ ಮೇಲೂ ಆ ಮನೆಯಲ್ಲಿ ಸತ್ತವರ ಹೆಸರು, ದಿನ. ಆಪಾ ಮೊದಮೊದಲು ಜೋರಾಗಿ ಓದುತ್ತಿದ್ದಳು, ಮೂರನೇ ಮನೆಯ ಹೊತ್ತಿಗೆ ಓದುವುದನ್ನು ಬಿಟ್ಟು ಫೋನನ್ನು ಹಲಗೆಯ ಮುಂದೆ ಹಿಡಿದಳು ಅಷ್ಟೇ. ಒಂದೇ ಅಡ್ಡಹೆಸರು ಕೆಳಗೆ ಕೆಳಗೆ ಬರುತ್ತಾ ಹೋಗುತ್ತದೆ. ಒಳಗೆ ಯಾರೋ ಟೀ ಕುಡಿಯುತ್ತಾ ಕೂತಿದ್ದದ್ದು ಕಿಟಕಿಯಲ್ಲಿ ಕಾಣುತ್ತಿತ್ತು.

ಸೇಂಟ್ ಲಾರೆನ್ಸ್ ಚರ್ಚಿನ ಅಂಗಳದಲ್ಲಿ ಸಾವಿರ ವರ್ಷಕ್ಕೂ ಹಳೆಯದಾದ ಒಂದು ಕಲ್ಲಿನ ಶಿಲುಬೆ ಇದೆ, ಕೆತ್ತನೆ ಇನ್ನೂ ಅಳಿಸಿಲ್ಲ. ಅದರ ಹತ್ತಿರವೇ ಮಾಂಪೆಸನ್‌ನ ಹೆಂಡತಿ ಕ್ಯಾಥರೀನ್‌ಳ ಸಮಾಧಿ. ಮಕ್ಕಳನ್ನು ಮೊದಲೇ ಯಾರ್ಕ್‌ಶೈರಿಗೆ ಕಳಿಸಿ, ಗಂಡನನ್ನು ಬಿಟ್ಟು ಹೋಗದೆ ಉಳಿದವಳು ಆಕೆ. 1666ರ ಆಗಸ್ಟ್ 25ರಂದು ತೀರಿಕೊಂಡಳು. ಆ ಒಂದು ತಿಂಗಳಲ್ಲೇ ಊರಿನಲ್ಲಿ 78 ಜನ ಸತ್ತರು. ಚರ್ಚಿನ ಗೋಡೆಯ ಮೇಲೆ 1775ರ ಒಂದು ನೆರಳು ಗಡಿಯಾರ ಇದೆ, ದೂರದೇಶಗಳ ಸ್ಥಳಗಳ ಹೆಸರನ್ನೂ ಅದರಲ್ಲಿ ಕೆತ್ತಿದ್ದಾರೆ. ಅವತ್ತು ಮೋಡವಿದ್ದುದರಿಂದ ನಮಗೆ ಗಂಟೆ ಎಷ್ಟೆಂದು ಅದು ಹೇಳಲಿಲ್ಲ. ಬೀದಿಯಲ್ಲಿ ಹದಿನೇಳನೇ ಶತಮಾನದ ಈಮ್ ಹಾಲ್ ಎಂಬ ದೊಡ್ಡ ಮನೆ, ಅದರ ಎದುರು ಹಿಂದೆ ತಪ್ಪು ಮಾಡಿದವರ ಕಾಲು ಸಿಕ್ಕಿಸಿ ಕೂರಿಸುತ್ತಿದ್ದ ಮರದ ಕೋಳ. ಮ್ಯೂಸಿಯಂ 1994ರಲ್ಲಿ ಶುರುವಾದದ್ದು. ಅದರ ಮಾಡಿನ ಮೇಲೆ ಗಾಳಿಯ ದಿಕ್ಕು ತೋರಿಸಲು ಕೋಳಿಯ ಬದಲು ಇಲಿಯನ್ನು ನಿಲ್ಲಿಸಿದ್ದಾರೆ. ಅದನ್ನು ನೋಡಿ ನಾನೂ ಆಪಾನೂ ಬಹಳ ಹೊತ್ತು ನಕ್ಕೆವು. ಆಗಸ್ಟ್ ಕೊನೆಯ ಭಾನುವಾರ ಜನ ಮೆರವಣಿಗೆಯಲ್ಲಿ ಕಕ್ಲೆಟ್ ಡೆಲ್ಫ್‌ಗೆ ಹೋಗಿ ಪ್ರಾರ್ಥನೆ ಮಾಡುತ್ತಾರೆ. ಅದೇ ದಿನಗಳಲ್ಲಿ ಬಾವಿ ಸಿಂಗರಿಸುವ ಹಬ್ಬವೂ ಇದೆ: ಹಲಗೆಗೆ ಹಸಿ ಜೇಡಿಮಣ್ಣು ಮೆತ್ತಿ, ಅದರಲ್ಲಿ ಹೂವಿನ ಎಸಳುಗಳನ್ನು ಒತ್ತಿ ಚಿತ್ರ ಮಾಡಿ ನೀರಿನ ಹತ್ತಿರ ಇಡುತ್ತಾರೆ. ಡರ್ಬಿಶೈರಿನ ಬಹಳ ಊರುಗಳಲ್ಲಿ ಈ ಪದ್ಧತಿ ಇದೆ.

ಊರಿನ ಹೊರಗೆ, ಏರು ಹೊಲದಲ್ಲಿ, ರೈಲಿ ಸಮಾಧಿಗಳಿವೆ. ಸುತ್ತ ಒಂದು ಗುಂಡನೆಯ ಕಲ್ಲಿನ ಗೋಡೆ. ಅಲ್ಲಿ ಎಲಿಜಬೆತ್ ಹ್ಯಾನ್‌ಕಾಕ್ ಎಂಬ ತಾಯಿ 1666ರ ಆಗಸ್ಟಿನಲ್ಲಿ ಎಂಟು ದಿನದೊಳಗೆ ಗಂಡನನ್ನೂ ಆರು ಮಕ್ಕಳನ್ನೂ ತಾನೇ ಗುಂಡಿ ತೋಡಿ ಹೂತಳು. ಆಚೆ ದಿಬ್ಬದ ಮೇಲೆ ನಿಂತ ಸ್ಟೋನಿ ಮಿಡಲ್ಟನ್ ಜನ ಅದನ್ನು ನೋಡುತ್ತಿದ್ದರು, ಹತ್ತಿರ ಹೋಗಲಿಲ್ಲ ಎಂದು ಹೇಳುತ್ತಾರೆ. ಆಪಾ ಅಲ್ಲಿಗೆ ಹತ್ತಿ ಹೋಗುವಷ್ಟರಲ್ಲಿ ಅವಳ ಫೋನಿನ ಚಾರ್ಜ್ ಮುಗಿಯಿತು. ರಾತ್ರಿ ಒಂದು ಫೋಟೋ ಕಳಿಸಿದಳು. ಹುಲ್ಲು, ಕಲ್ಲು, ಎರಡು ಕುರಿ.

ಕೊನೆಯ ಸಾವು 1666ರ ನವೆಂಬರ್ 1ರಂದು. ಹದಿನಾಲ್ಕು ತಿಂಗಳಲ್ಲಿ ಒಟ್ಟು 260 ಜನ. ಊರಿನಲ್ಲಿ 350 ಜನ ಇದ್ದರು, 83 ಜನ ಉಳಿದರು ಎಂಬುದು ಹಳೆಯ ಲೆಕ್ಕ. ಆ ಕಾಲದ ಒಲೆ ತೆರಿಗೆಯ ಪಟ್ಟಿ ನೋಡಿದ ಈಚಿನವರು ಊರಿನಲ್ಲಿ ಸುಮಾರು ಏಳುನೂರು ಜನ ಇದ್ದಿರಬೇಕು ಎನ್ನುತ್ತಾರೆ. ಏಳುನೂರೇ ಇರಲಿ, ಮೂರರಲ್ಲಿ ಒಬ್ಬರಿಗಿಂತ ಹೆಚ್ಚು ಹೋದರು.

ದಾದಿಗೆ ಈ ಕಥೆ ಹೇಳಿದೆ. ಎಲ್ಲ ಕೇಳಿ ದಾದಿ ಕೇಳಿದ್ದು ಒಂದೇ: "ಇಲಿ ಸತ್ತು ಬೀಳೋ ಮನೇಲಿ ಯಾಕೆ ಕೂತರು? ಹೊಲಕ್ಕೆ ಹೋಗಬೇಕಿತ್ತು." ನೂರಿಪ್ಪತ್ತು ವರ್ಷದ ಹಿಂದೆ ನಮ್ಮ ಕಡೆ ಪ್ಲೇಗ್ ಬಂದಾಗ ಜನ ಮನೆಗೆ ಬೀಗ ಹಾಕಿ ಹೊಲದಲ್ಲಿ ಗುಡಿಸಲು ಹಾಕಿಕೊಂಡು ತಿಂಗಳುಗಟ್ಟಲೆ ಇರುತ್ತಿದ್ದರಂತೆ. ದಾದಿ ಇದನ್ನು ತನ್ನ ಅಜ್ಜಿಯ ಬಾಯಲ್ಲಿ ಕೇಳಿದ್ದಳು. ದಾದಿ ಶಾಲೆಗೆ ಹೋದವಳಲ್ಲ. ಆದರೆ ವಿದ್ವಾಂಸರು ಈಮ್ ಬಗ್ಗೆ ಎತ್ತುವ ಪ್ರಶ್ನೆಯೂ ಇದೇ. ಗಡಿ ಮುಚ್ಚಿದ್ದರಿಂದ ಸುತ್ತಲಿನ ಊರುಗಳು ಉಳಿದವು, ಆದರೆ ಜನ ಅದೇ ಮನೆ, ಅದೇ ಹಾಸಿಗೆ, ಅದೇ ಚಿಗಟಗಳ ನಡುವೆ ಉಳಿದದ್ದರಿಂದ ಒಳಗೆ ಸಾವು ಹೆಚ್ಚಾಯಿತೇ ಎಂದು ಇಂದಿಗೂ ವಾದ ನಡೆಯುತ್ತದೆ. ನನ್ನ ಅಭಿಪ್ರಾಯ ಕೇಳಿದರೆ, ಅವರು ಮಾಡಿದ್ದು ತಪ್ಪೆಂದು ಹೇಳಲು ನನಗೆ ಬಾಯಿ ಬರುವುದಿಲ್ಲ. ಆದರೆ ಊರಿಗೆ ಊರೇ ಸಂತೋಷದಿಂದ ಪ್ರಾಣ ಕೊಟ್ಟಿತು ಎಂದು ಕೆಲವು ಪುಸ್ತಕಗಳು ಬರೆಯುವುದನ್ನೂ ನಾನು ಒಪ್ಪುವುದಿಲ್ಲ. ಹಣ ಇದ್ದವರು ಮೊದಲೇ ಹೋಗಿದ್ದರು. ಬಡವರಿಗೆ ಹೋಗಲು ಜಾಗವೇ ಇರಲಿಲ್ಲ. ಟೈಡ್ಸ್‌ವೆಲ್ ಸಂತೆಗೆ ಹೋದ ಈಮ್‌ನ ಒಬ್ಬ ಹೆಂಗಸನ್ನು ಗುರುತು ಹಿಡಿದು, ಪ್ಲೇಗ್ ಪ್ಲೇಗ್ ಎಂದು ಕೂಗಿ ಕಲ್ಲು ಮಣ್ಣು ಎಸೆದು ಓಡಿಸಿದರು ಎಂಬ ಕಥೆಯೂ ಅಲ್ಲಿದೆ. ಮಾಂಪೆಸನ್‌ನಂಥ ಮಾಂಪೆಸನ್‌ಗೂ ತಪ್ಪಲಿಲ್ಲ. ಕೆಲವು ವರ್ಷಗಳ ಮೇಲೆ ಅವನಿಗೆ ಈಕ್ರಿಂಗ್ ಎಂಬ ಊರಿಗೆ ವರ್ಗವಾದಾಗ ಆ ಊರಿನವರು ಹೆದರಿ ಅವನನ್ನು ಒಳಗೆ ಬಿಡದೆ, ಅವನು ಸ್ವಲ್ಪ ಕಾಲ ಹೊರಗೆ ಗುಡಿಸಲಿನಲ್ಲಿ ಇರಬೇಕಾಯಿತು ಎಂದು ಹೇಳುತ್ತಾರೆ.

ಸೆಮಿನಾರಿನಲ್ಲಿ ಎಲ್ಲರಿಗೂ ಇಷ್ಟವಾದದ್ದು ಎಮಟ್ ಸಿಡಲ್ ಮತ್ತು ರೋಲಂಡ್ ಟೋರ್ ಕಥೆ. ಎಮಟ್ ಈಮ್ ಹುಡುಗಿ, ರೋಲಂಡ್ ಸ್ಟೋನಿ ಮಿಡಲ್ಟನ್ ಹುಡುಗ, ಮದುವೆ ಗೊತ್ತಾಗಿತ್ತು. ಎಮಟ್ ಮನೆಯಲ್ಲಿ ತಂದೆ, ಒಡಹುಟ್ಟಿದವರು ಒಬ್ಬರ ಹಿಂದೊಬ್ಬರು ಸತ್ತರು. ಆಮೇಲೆ ಇಬ್ಬರೂ ತಗ್ಗಿನ ಆಚೆ ಈಚೆ ನಿಂತು ಬರೀ ನೋಡಿಕೊಂಡು ಹೋಗುತ್ತಿದ್ದರಂತೆ. 1666ರ ಏಪ್ರಿಲ್ ಕೊನೆಗೆ ಹುಡುಗಿ ಬರಲಿಲ್ಲ. ರೋಲಂಡ್ ಬಂದು ನಿಲ್ಲುತ್ತಲೇ ಇದ್ದ. ರೋಗ ಪೂರ್ತಿ ನಿಂತ ಮೇಲೆ ಊರೊಳಗೆ ಕಾಲಿಟ್ಟ ಮೊದಲಿಗರಲ್ಲಿ ಅವನೊಬ್ಬ. ಚರ್ಚಿನ ಬಣ್ಣದ ಗಾಜಿನ ಕಿಟಕಿಯಲ್ಲಿ ಇವರಿಬ್ಬರ ಚಿತ್ರ ಇದೆ. ಇದನ್ನು ಹೇಳುವಾಗ ಕ್ಲಾಸು ನಿಶ್ಶಬ್ದವಾಯಿತು, ನನ್ನ ಗಂಟಲೂ ಕಟ್ಟಿತು. ಪ್ರೇಮಕಥೆಗೆ ಅತ್ತ ಎಂದು ಗೆಳೆಯರು ಆಡಿಕೊಂಡರು. ನನಗೆ ಗಂಟಲು ಕಟ್ಟಿದ್ದು ಬೇರೆ ಕಾರಣಕ್ಕೆ. ರೋಲಂಡ್ ಪ್ರತಿ ಸಲ ಬಂದು ನಿಂತ. ನಾನು ನಿಲ್ಲಲಿಲ್ಲ.

ಅಬ್ಬಾ ಶಾಲೆಯಲ್ಲಿದ್ದ ಹದಿನಾಲ್ಕು ದಿನವೂ ಮಗ್ರಿಬ್‌ಗೆ ಮುಂಚೆ ಇಫ್ತಾರಿನ ಡಬ್ಬಿ ತಲುಪಿಸುವುದು ನನ್ನ ಕೆಲಸ. ಶಾಲೆಯ ಕಾಂಪೌಂಡ್ ಗೋಡೆಯ ಮೂಲೆಯಲ್ಲಿ ಒಂದು ಕಲ್ಲಿದೆ, ಅದರ ಮೇಲೆ ಇಟ್ಟು ಬರಬೇಕು. ಅಬ್ಬಾ ವರಾಂಡಾದಲ್ಲಿ ಮುಖಕ್ಕೆ ಟವೆಲ್ ಕಟ್ಟಿಕೊಂಡು ಕೂತಿರುತ್ತಿದ್ದರು. ಗಾಳಿಯಲ್ಲಿ ಬರುತ್ತದೆ, ನೋಡಿದರೂ ಬರುತ್ತದೆ ಎಂದು ಮುಳ್ಳಿನ ಬೇಲಿಯ ಹತ್ತಿರ ದೊಡ್ಡವರು ಆಡುತ್ತಿದ್ದ ಮಾತೆಲ್ಲ ನನ್ನ ತಲೆಯಲ್ಲಿತ್ತು. ಡಬ್ಬಿ ಇಟ್ಟ ಕೂಡಲೇ ಓಡಿ ಬರುತ್ತಿದ್ದೆ. ಮೊದಲ ಎರಡು ದಿನ ಅಬ್ಬಾ ನನ್ನ ಹೆಸರು ಹಿಡಿದು ಕರೆದರು. ಆಮೇಲೆ ಕರೆಯಲಿಲ್ಲ, ಕೈ ಎತ್ತುತ್ತಿದ್ದರು. ಆ ವರ್ಷ ಈದ್ಗಾದಲ್ಲಿ ನಮಾಜ್ ಇರಲಿಲ್ಲ, ಮನೆಯಲ್ಲೇ ಮಾಡಿದೆವು. ಅಮ್ಮಿ ಸುರಕುಂಬಾ ಮಾಡಿ ಡಬ್ಬಿಗೆ ತುಂಬಿ, "ಇವತ್ತು ಹಬ್ಬ, ದೂರದಿಂದಲೇ ಸಲಾಂ ಹೇಳಿ ಬಾ" ಅಂದರು. ನಾನು ಹೊಸ ಅಂಗಿ ಹಾಕಿಕೊಂಡು ಹೋದೆ. ಅಬ್ಬಾ ಎದ್ದು ನಿಂತರು. ನಾನು ಡಬ್ಬಿ ಇಟ್ಟು ಓಡಿದೆ. ಸಲಾಂ ಹೇಳಿ ಬಂದೆ ಎಂದು ಅಮ್ಮಿಗೆ ಸುಳ್ಳು ಹೇಳಿದೆ.

ಅಬ್ಬಾಗೆ ಕಾಯಿಲೆ ಇರಲೇ ಇಲ್ಲ. ಟೆಸ್ಟ್ ನೆಗೆಟಿವ್ ಬಂದು ಮನೆಗೆ ಬಂದರು. ಆದರೂ ಒಂದು ತಿಂಗಳು ನಮ್ಮ ಮನೆ ಕಡೆ ಯಾರೂ ಸುಳಿಯಲಿಲ್ಲ, ಹಾಲು ಹಾಕುವವರೂ ಮೂರು ಮನೆ ಆಚೆಯೇ ನಿಲ್ಲುತ್ತಿದ್ದರು. ನನಗೆ ಅವರ ಮೇಲೆ ಸಿಟ್ಟು ಮಾಡಲು ಮುಖವಿರಲಿಲ್ಲ.

ಐದು ವರ್ಷ ಈ ಮಾತು ಯಾರಿಗೂ ಹೇಳಿರಲಿಲ್ಲ. ಈ ಲೇಖನ ಬರೆದು, ಕೊಡುವ ಮುಂಚೆ ಅಬ್ಬಾಗೆ ಓದಿ ಹೇಳಿದೆ. ಈಮ್ ಕಥೆಯನ್ನು ಗಮನವಿಟ್ಟು ಕೇಳಿದರು. ಗಡಿಕಲ್ಲಿನ ಗುಳಿಗಳು ಎಷ್ಟು ಆಳ ಎಂದು ಕೇಳಿದರು, ನನಗೆ ಗೊತ್ತಿರಲಿಲ್ಲ. ನಾನು ಓಡಿದ ಭಾಗ ಬಂದಾಗ ತಲೆ ಎತ್ತದೆ ಓದಿದೆ. ಅಬ್ಬಾ ಸ್ವಲ್ಪ ಹೊತ್ತು ಸುಮ್ಮನಿದ್ದು, "ಓಡಲಿ ಅಂತಾನೇ ನಾನು ಎದ್ದು ನಿಂತಿದ್ದು, ಎಲ್ಲಿ ಹಬ್ಬ ಅಂತ ಹತ್ತಿರ ಬಂದುಬಿಡ್ತೀಯೋ ಅಂತ" ಅಂದರು. ನಿಜವೋ, ನನ್ನ ಸಮಾಧಾನಕ್ಕೆ ಹೇಳಿದ್ದೋ ಗೊತ್ತಿಲ್ಲ. ಆಮೇಲೆ ಏನೋ ನೆನಪಾದವರಂತೆ ಹೇಳಿದರು: "ಆದರೆ ಅವಸರದಲ್ಲಿ ಡಬ್ಬಿ ಮುಚ್ಚಳ ಸರಿಯಾಗಿ ಹಾಕಿರಲಿಲ್ಲ ನೀನು. ಸುರಕುಂಬಾಕ್ಕೆ ಇರುವೆ ಹತ್ತಿತ್ತು. ತೆಗೆದು ತಿಂದೆ."